ಎರಡನೇ ಸಾಲಿನ ಕೊರಲಿ

ಬೆಳಗ್ಗೆ ಚಹಾಕ್ಕೆಂದು ಕೆಟಲ್‌ನಲ್ಲಿ ನೀರಿಟ್ಟ ಕೂಡಲೇ ಕೊರಲಿ ಟ್ರೆಜೀಸ್ ಅಡುಗೆಮನೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಹಿಮ್ಮಡಿ, ಭುಜ, ಹಿಂದಲೆ ಮೂರೂ ಬಾಗಿಲಿಗೆ ತಾಗಬೇಕು. ಪೊರಕೆಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಬೇಕು. ಮೊಣಕಾಲು ಹಿಂದಕ್ಕೆ ಹೋಗದಂತೆ ತೊಡೆಯನ್ನು ಬಿಗಿಹಿಡಿಯಬೇಕು. ಗಲ್ಲ ಮೇಲೆ, ಮುಖದಲ್ಲಿ ನಗು. ನೀರು ಕುದಿಯುವವರೆಗೆ ಹಾಗೇ. ಐವತ್ತೊಂಬತ್ತು ವರ್ಷವಾದರೂ ಅವಳು ಇದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಅವಳ ಗಂಡನನ್ನು ಮಣ್ಣು ಮಾಡುವ ದಿನ ಬೆಳಗ್ಗೆ ನಾನು ಬೇಲಿ ದಾಟಿ ಸೂಪು ತೆಗೆದುಕೊಂಡು ಹೋದಾಗಲೂ ಕಪ್ಪು ಉಡುಪಿನಲ್ಲಿ ಹಾಗೇ ನಿಂತಿದ್ದಳು, ನಗು ಸಮೇತ. ಒಳಗೆ ಹೋಗಬೇಕೋ ಬೇಡವೋ ತಿಳಿಯದೆ ನಾನು ಹೊಸ್ತಿಲಲ್ಲೇ ನಿಂತೆ.

ಅದು ಮಿಸೆಸ್ ಪೆನ್‌ಹೇಲ್ ಹಾಕಿಕೊಟ್ಟ ಅಭ್ಯಾಸ. ನಮ್ಮೂರು ಕ್ರೆಸ್‌ವಿಕ್‌ನಲ್ಲಿ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಆಕೆ ಪ್ರತಿ ಶನಿವಾರ ಹೆಣ್ಣುಮಕ್ಕಳಿಗೆ ಕ್ಯಾಲಿಸ್ತೆನಿಕ್ಸ್ ಕಲಿಸುತ್ತಿದ್ದರು. ಪಿಯಾನೋ ನುಡಿಯುತ್ತಿದ್ದಂತೆ ಸಾಲಾಗಿ ನಿಂತು ಕೋಲು ತಿರುಗಿಸಿ, ಒಟ್ಟಿಗೆ ಬಾಗಿ, ಒಟ್ಟಿಗೆ ಏಳುವ ವ್ಯಾಯಾಮ ಅದು. ನಮ್ಮ ಕಡೆಯ ಹೆಣ್ಣುಮಕ್ಕಳು ನಡೆಯಲು ಕಲಿತ ಮೇಲೆ ಕಲಿಯುತ್ತಿದ್ದುದೇ ಅದನ್ನು. ವರ್ಷಕ್ಕೊಮ್ಮೆ ಹತ್ತಿರದ ಪೇಟೆ ಬ್ಯಾಲರಾಟ್‌ನ ದೊಡ್ಡ ರಂಗಮಂದಿರದಲ್ಲಿ ಸ್ಪರ್ಧೆ ನಡೆಯುತ್ತಿತ್ತು. ಮೊಣಕಾಲು ಹಿಂದಕ್ಕೆ ಬಾಗಿದರೆ ಒಂದು ಅಂಕ ಹೋಯಿತು, ಮುಖದಲ್ಲಿ ನೋವು ಕಂಡರೆ ಎರಡು ಹೋಯಿತು ಎಂದು ಮಿಸೆಸ್ ಪೆನ್‌ಹೇಲ್ ಹೇಳುತ್ತಿದ್ದರು. ಹೇಳುವುದಷ್ಟೇ ಅಲ್ಲ, ಮೊಣಕಾಲಿನ ಹಿಂದೆ ಕೋಲಿನಿಂದ ತಟ್ಟುತ್ತಿದ್ದರು.

ಕೊರಲಿ ಮತ್ತು ಅವಳಿಗಿಂತ ಮೂರು ವರ್ಷ ಚಿಕ್ಕವಳಾದ ತಂಗಿ ರಾಸ್ಲಿನ್, ಇಬ್ಬರದೂ ಸಡಿಲ ಕೀಲಿನ ಮೈ. ಅವರ ಅಜ್ಜಿಯದೂ ಹಾಗೇ ಇತ್ತಂತೆ. ಮನೆಗೆ ನೆಂಟರು ಬಂದರೆ ಅವರಪ್ಪ ಇಬ್ಬರನ್ನೂ ಕರೆದು ನಿಲ್ಲಿಸಿ, ಹೆಬ್ಬೆರಳನ್ನು ಮುಂಗೈಗೆ ಮಡಚಿಸಿ, ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿ ತೋರಿಸುತ್ತಿದ್ದ. ಯಾರು ಹೆಚ್ಚು ಬಾಗುತ್ತಾರೋ ಅವರಿಗೆ ಪೆಪ್ಪರ್‌ಮಿಂಟ್. ಅದು ಯಾವಾಗಲೂ ರಾಸ್ಲಿನ್‌ಗೇ ಹೋಗುತ್ತಿತ್ತು. ಕೊರಲಿ ಕೋಣೆಯಲ್ಲಿ ಒಬ್ಬಳೇ ಕೂತು ಬೆರಳುಗಳನ್ನು ಎಳೆದೆಳೆದು ಅಭ್ಯಾಸ ಮಾಡುತ್ತಿದ್ದಳು. ಆ ಪೆಪ್ಪರ್‌ಮಿಂಟಿನ ರುಚಿ ತನಗೆ ಇವತ್ತಿಗೂ ಗೊತ್ತಿಲ್ಲ ಎಂದು ಅವಳು ನನಗೆ ಹೇಳಿದ್ದುಂಟು. ಪೇಟೆಯಲ್ಲಿ ಸಿಗುತ್ತದಲ್ಲ, ಕೊಂಡು ತಿಂದರಾಯಿತು ಎಂದೆ. ಅದು ಬೇರೆ ಎಂದಳು.

ಎಂಟನೇ ವಯಸ್ಸಿಗೇ ರಾಸ್ಲಿನ್‌ಳನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿದರು. ಕೊರಲಿ ಸರಿಯಾಗಿ ಅವಳ ಹಿಂದೆ, ಎರಡನೇ ಸಾಲಿನಲ್ಲಿ. ನಾಲ್ಕು ವರ್ಷ ಅವಳು ಕಂಡದ್ದು ತಂಗಿಯ ಜಡೆಯ ರಿಬ್ಬನ್ನು ಮಾತ್ರ. ರಾಸ್ಲಿನ್‌ಗೆ ಹನ್ನೆರಡಾದಾಗ, ವೇದಿಕೆಯ ಮೇಲೆ ಕೋಲು ಎತ್ತುವಾಗ, ಅವಳ ಭುಜದ ಕೀಲು ಜಾರಿತು. ಕೋಲು ಉರುಳಿ ಪಿಯಾನೋದವರೆಗೆ ಹೋಯಿತು. ಅವಳು ಮತ್ತೆ ಹಾಲ್‌ಗೆ ಬರಲಿಲ್ಲ. ಖಾಲಿಯಾದ ಜಾಗ ತನಗೇ ಎಂದು ಕೊರಲಿ ಒಂದು ವಾರ ಕಾದಳು. ಮಿಸೆಸ್ ಪೆನ್‌ಹೇಲ್ ಅಲ್ಲಿಗೆ ಅಂಚೆಮಾಸ್ತರರ ಮಗಳನ್ನು ತಂದು ನಿಲ್ಲಿಸಿದರು. ನೀನು ಹಿಂದೆ ಇದ್ದರೆ ಸಾಲು ನೇರ ಇರುತ್ತದೆ ಎಂದು ಕೊರಲಿಗೆ ಹೇಳಿದರಂತೆ. ಅವಳು ಇಪ್ಪತ್ತೆರಡು ವರ್ಷ ಎರಡನೇ ಸಾಲಿನಲ್ಲಿ ನಿಂತಳು. ಸಾಲು ನೇರವಾಗಿಯೇ ಇತ್ತು.

ಮೂವತ್ತು ದಾಟಿದ ಮೇಲೆ ಅಕ್ಕತಂಗಿಯರಿಬ್ಬರಿಗೂ ನೋವು ಹಿಡಿಯಿತು. ಸೊಂಟ, ಭುಜ, ಮಣಿಕಟ್ಟು, ದವಡೆ. ಹಾಲಿನ ಡಬ್ಬ ಎತ್ತಿದರೆ ಬೆರಳು ಜಾರುವುದು, ಮಗ್ಗುಲು ಬದಲಿಸಿದರೆ ಪಕ್ಕೆಲುಬು ಸರಿಯುವುದು. ಡಾಕ್ಟರುಗಳು ಒಬ್ಬರು ನರ ಅಂದರು, ಒಬ್ಬರು ತೂಕ ಅಂದರು, ಒಬ್ಬರು ಮನಸ್ಸು ಅಂದರು. ಆ ವರ್ಷಗಳಲ್ಲಿ ಅವರಿಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿಯೇ ಇದ್ದರು. ಇಬ್ಬರಿಗೂ ಏನೂ ಸಿಕ್ಕಿರಲಿಲ್ಲವಲ್ಲ.

ಆಮೇಲೆ ರಾಸ್ಲಿನ್ ಮೆಲ್ಬರ್ನ್‌ನ ಒಬ್ಬ ಡಾಕ್ಟರ ಬಳಿ ಹೋದಳು. ಆತ ಅವಳ ಬೆರಳು, ಮೊಣಕೈ, ಮೊಣಕಾಲು, ಬೆನ್ನು ಎಲ್ಲವನ್ನೂ ಬಗ್ಗಿಸಿ ನೋಡಿ, ಕೀಲಿನ ಸಡಿಲಕ್ಕೆ ಒಂಬತ್ತಕ್ಕೆ ಒಂಬತ್ತು ಅಂಕ ಹಾಕಿದ. ಹುಟ್ಟಿನಿಂದಲೇ ಕೀಲು ಸಡಿಲವಿರುವ ಕಾಯಿಲೆ ಎಂದು, ಎಲರ್ಸ್-ಡ್ಯಾನ್‌ಲೋಸ್ ಎಂಬ ಉದ್ದದ ಹೆಸರಿನ ಕಾಗದ ಬಂತು. ಬೆರಳಿನ ಕೀಲು ಜಾರದಂತೆ ಹಿಡಿಯುವ ಬೆಳ್ಳಿ ಉಂಗುರಗಳು ಬಂದವು. ಬಿಸಿನೀರಿನ ಕೊಳದಲ್ಲಿ ವ್ಯಾಯಾಮಕ್ಕೆ ಚೀಟಿ ಬಂತು. ಬೇರೆ ಮಾತ್ರೆಗಳು ಯಾವುವೂ ಹಿಡಿಯದೆ ಹೋದಾಗ ಕೊನೆಗೆ ಗಾಂಜಾ ಎಣ್ಣೆಯ ಚೀಟಿಯೂ ಬಂತು. ಎಲ್ಲರಿಗೂ ಹಿಡಿಯುವುದಿಲ್ಲ, ನೋಡೋಣ ಎಂದಿದ್ದರಂತೆ ಡಾಕ್ಟರು. ರಾಸ್ಲಿನ್‌ಗೆ ಹಿಡಿಯಿತು. ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು ಸಂಜೆ ನಾಲಗೆಯ ಕೆಳಗೆ ಒಂದಿಷ್ಟು ಬಿಟ್ಟುಕೊಂಡರೆ ಬೆಳಗಿನವರೆಗೆ ನಿದ್ದೆ.

"ನೋವು ಹೋಗಿಲ್ಲ ಏವಿಸ್," ಎಂದಳು ನನಗೆ. "ಪಕ್ಕದ ಕೋಣೇಲಿ ಹೋಗಿ ಕೂತಿದೆ. ಗೊಣಗೋದು ಕೇಳಿಸುತ್ತೆ, ಅಷ್ಟೇ."

ಆ ಎಣ್ಣೆಯಿಂದ ಒಂದು ತೊಡಕು ಆಯಿತು. ಅದರ ಅಂಶ ಎಂಜಲಿನಲ್ಲಿ ಉಳಿಯುತ್ತದೆ. ದಾರಿಯಲ್ಲಿ ಪೊಲೀಸರು ಕಾರು ನಿಲ್ಲಿಸಿ ನಾಲಗೆ ಒರೆಸಿ ನೋಡಿದರೆ, ಚೀಟಿ ಇದೆ ಎಂದು ಬಿಡುವುದಿಲ್ಲ. ಹಾಗಾಗಿ ರಾಸ್ಲಿನ್ ಕಾರು ಓಡಿಸುವುದನ್ನು ನಿಲ್ಲಿಸಿದಳು. ಪ್ರತಿ ಮಂಗಳವಾರ ಅವಳನ್ನು ಬ್ಯಾಲರಾಟ್‌ನ ಕೊಳಕ್ಕೆ ಕರೆದೊಯ್ಯುವುದು, ಔಷಧದ ಅಂಗಡಿಯಿಂದ ಎಣ್ಣೆ ತಂದುಕೊಡುವುದು, ವಾಪಸು ಬಂದು ಅವಳ ಮನೆಯಲ್ಲೇ ಮಧ್ಯಾಹ್ನಕ್ಕೆ ಏನಾದರೂ ಮಾಡಿಕೊಡುವುದು ಕೊರಲಿಯ ಪಾಲಿಗೆ ಬಂತು. ರಾತ್ರಿಯೆಲ್ಲ ನಿದ್ದೆಯಿಲ್ಲದವಳು ಸ್ಟೀರಿಂಗ್ ಹಿಡಿಯುತ್ತಿದ್ದಳು. ಚೆನ್ನಾಗಿ ನಿದ್ದೆ ಮಾಡಿದವಳು ಪಕ್ಕದಲ್ಲಿ ಕೂತು ಹೊಲದ ಕುರಿಗಳನ್ನು ನೋಡುತ್ತಿದ್ದಳು.

ಬುಧವಾರ ಬೆಳಗ್ಗೆ ಬೇಲಿಯ ಬಳಿ ಕೊರಲಿ ನನಗೆ ವರದಿ ಒಪ್ಪಿಸುತ್ತಿದ್ದಳು. ನಾನು ಬಟ್ಟೆ ಒಣಹಾಕುತ್ತ ಕೇಳುತ್ತಿದ್ದೆ. ತಂಗಿ ಕಾರಿನಲ್ಲಿ ಎಷ್ಟು ಸಲ ಆಕಳಿಸಿದಳು, ಬೆಳ್ಳಿ ಉಂಗುರಗಳನ್ನು ಬಿಸಿಲಿಗೆ ಹೇಗೆ ತಿರುಗಿಸಿದಳು, ಕೊಳದ ನರ್ಸು ಅವಳನ್ನು ಹೇಗೆ ಹೆಸರು ಹಿಡಿದು ಕರೆದಳು, ಎಲ್ಲ ಅವಳಿಗೆ ನೆನಪಿರುತ್ತಿತ್ತು.

"ಕೆನ್ನೆ ಮೇಲೆ ದಿಂಬಿನ ಗೆರೆ ಇತ್ತು ಏವಿಸ್. ಬೆಳಗ್ಗೆ ಹತ್ತು ಗಂಟೆಗೆ. ನನ್ನ ಕೆನ್ನೆ ನೋಡು, ಇಸ್ತ್ರಿ ಮಾಡಿದ ಹಾಗಿದೆ."

ಚರ್ಚಿನಲ್ಲಿ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ನಾನು ಇಬ್ಬರ ಹೆಸರನ್ನೂ ಹೇಳುತ್ತಿದ್ದೆ. ಯಾರ ಹೆಸರು ಮೊದಲು ಹೇಳುತ್ತೀಯ ಎಂದು ಕೊರಲಿ ಒಂದು ದಿನ ಕೇಳಿದಳು. ನಾನು ಉತ್ತರ ಕೊಡದೆ ಇದ್ದುದರಿಂದ ಅವಳಿಗೆ ಉತ್ತರ ಸಿಕ್ಕಿತು. ಆಮೇಲೆ ನಾನು ಒಂದು ಭಾನುವಾರ ಅವಳದು, ಒಂದು ಭಾನುವಾರ ಇವಳದು ಎಂದು ಮಾಡಿಕೊಂಡೆ. ದೇವರು ನಕ್ಕಿರಬೇಕು.

ಆ ವರ್ಷ ಚಳಿಗಾಲಕ್ಕೆ ಮುಂಚೆ ಕೊರಲಿ ತಾನೂ ಪರೀಕ್ಷೆ ಮಾಡಿಸಿಕೊಳ್ಳಲು ಬ್ಯಾಲರಾಟ್‌ನ ಒಬ್ಬ ಡಾಕ್ಟರ ಬಳಿ ಹೋದಳು. ತನ್ನ ನೋವಿಗೂ ಆ ಹೆಸರು ಸಿಗಬೇಕು, ತನ್ನ ಹೆಸರಿಗೂ ಒಂದು ಚೀಟಿ ಬರಬೇಕು. ಅವಳಿಗೆ ಬೇಕಾಗಿದ್ದುದು ಅಷ್ಟೇ. ಹೊಸ ಉಣ್ಣೆಯ ಕಾರ್ಡಿಗನ್ ಹಾಕಿಕೊಂಡು, ಕೂದಲು ಬಾಚಿ ಹೋದಳು. ಅಲ್ಲೂ ಅದೇ ಬೆರಳು, ಅದೇ ಮೊಣಕೈ, ಅದೇ ಮೊಣಕಾಲು. ಒಂಬತ್ತಕ್ಕೆ ಮೂರು ಬಂತು. ಅಂಥ ಸಡಿಲವೇನಿಲ್ಲ, ನಿಲುವು ಬಹಳ ಚೆನ್ನಾಗಿದೆ, ನೋವೂ ತೀವ್ರವಾಗಿರುವಂತೆ ಕಾಣುವುದಿಲ್ಲ, ನಡಿಗೆ ಮಾಡಿ ಎಂದು ಡಾಕ್ಟರ್ ಹೇಳಿ ಕಳಿಸಿದರು.

"ಮೂರು," ಎಂದಳು ಬೇಲಿಯ ಬಳಿ. ನನ್ನ ಬುಟ್ಟಿಯಿಂದ ಬಟ್ಟೆಯ ಕ್ಲಿಪ್ಪೊಂದನ್ನು ತೆಗೆದು ಬೇಲಿಗೆ ಸಿಕ್ಕಿಸಿದಳು. ಆಮೇಲೆ, "ಅವಳಿಗೆ ಒಂಬತ್ತು," ಎಂದಳು.

ಅದಾದ ಮೂರು ನಾಲ್ಕು ವಾರಗಳಲ್ಲಿ ರಾಸ್ಲಿನ್‌ಗೆ ಮತ್ತೆ ನೋವು ಕಾಣಿಸಿಕೊಂಡಿತು. ಮೊದಲು ಬೆಳಗಿನ ಜಾವ ಎಚ್ಚರ, ಆಮೇಲೆ ನಡುರಾತ್ರಿಯೇ ಎಚ್ಚರ. ಒಂದು ಮಂಗಳವಾರ ಕೊಳದ ಮೆಟ್ಟಿಲಲ್ಲಿ ಭುಜ ಜಾರಿ, ಇಬ್ಬರು ಹಿಡಿದು ಮೇಲೆ ತಂದರು. ಬರುವಾಗ ನಾನೂ ಹಿಂದಿನ ಸೀಟಿನಲ್ಲಿದ್ದೆ, ಪೇಟೆಯಲ್ಲಿ ಉಣ್ಣೆ ಕೊಳ್ಳಲೆಂದು ಹೋಗಿದ್ದೆ. ರಾಸ್ಲಿನ್ ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿದಳು.

"ಎಣ್ಣೆ ನನ್ನ ಮೈಗೆ ಒಗ್ಗಿಹೋಯ್ತು ಅನ್ಸುತ್ತೆ, ಕೊರ್. ಇನ್ನು ಹಿಡಿಯಲ್ಲ. ಮುಂದಿನ ವಾರ ಅದನ್ನ ನಿಲ್ಲಿಸಿಬಿಡೋಣ ಅಂದ್ರು ಡಾಕ್ಟರು. ಇಷ್ಟು ದಿನ ಸಿಕ್ಕಿದ್ದೇ ಹೆಚ್ಚು."

ಕೊರಲಿ ರಸ್ತೆಯನ್ನೇ ನೋಡುತ್ತಿದ್ದಳು. ಕನ್ನಡಿಯಲ್ಲಿ ಅವಳ ಮುಖ ನನಗೆ ಕಾಣುತ್ತಿತ್ತು. ಅದೇ ನಗು ಹಾಕಿಕೊಂಡಿದ್ದಳು, ವೇದಿಕೆಯದು.

ಶನಿವಾರ ಮಧ್ಯಾಹ್ನ ನಾನು ಚರ್ಚಿನಲ್ಲಿ ಭಾನುವಾರದ ಹೂ ಜೋಡಿಸುತ್ತಿದ್ದೆ. ಕೊರಲಿ ಬಂದು ಮುಂದಿನ ಬೆಂಚಿನಲ್ಲಿ ಕೂತಳು. ಚೀಲದಿಂದ ಒಂದು ಜಾಮ್ ಜಾಡಿ ತೆಗೆದು ಪಕ್ಕದಲ್ಲಿಟ್ಟಳು. ತಳದಲ್ಲಿ ಎರಡು ಬೆರಳಿನಷ್ಟು ಹಳದಿ ಎಣ್ಣೆ ಇತ್ತು. ಏನದು ಎಂದು ನಾನು ಕೇಳಲಿಲ್ಲ. ಹೇಳಬೇಕೆಂದು ಬಂದವರಿಗೆ ಪ್ರಶ್ನೆ ಕೇಳಿದರೆ ಮಾತು ದಾರಿ ತಪ್ಪುತ್ತದೆ. ಕತ್ತರಿ ಕೆಳಗಿಟ್ಟು ನಾನೂ ಕೂತೆ.

ಅವಳು ಹೇಳಿದ್ದು ಇಷ್ಟು. ಪ್ರತಿ ಮಂಗಳವಾರ ಕೊಳದಿಂದ ಬಂದು ರಾಸ್ಲಿನ್ ಮಲಗಿದಾಗ, ಕುಂಬಳಕಾಯಿ ಸೂಪು ಒಲೆಯ ಮೇಲಿಟ್ಟು, ಇವಳು ಬಿಸ್ಕತ್ತಿನ ಡಬ್ಬದಿಂದ ತಂಗಿಯ ಗಾಂಜಾ ಎಣ್ಣೆಯ ಬಾಟಲಿ ತೆಗೆಯುತ್ತಿದ್ದಳು. ಸಿರಿಂಜಿನಲ್ಲಿ ಒಂದಿಷ್ಟು ಎಣ್ಣೆ ಎಳೆದು ಜಾಡಿಗೆ ಹಾಕುತ್ತಿದ್ದಳು. ಅಷ್ಟೇ ಅಳತೆಯ ಆಲಿವ್ ಎಣ್ಣೆಯನ್ನು ಬಾಟಲಿಗೆ ತುಂಬುತ್ತಿದ್ದಳು. ಬಾಟಲಿ ಕುಲುಕಿ, ಒರೆಸಿ, ಇದ್ದಲ್ಲೇ ಇಡುತ್ತಿದ್ದಳು. ಒಂದು ವಾರವಲ್ಲ, ನಾಲ್ಕು ವಾರ.

ಪಾಪ, ನೋವು ತಡೆಯಲಾರದೆ ಮಾಡಿದ್ದಾಳೆ ಎಂದುಕೊಂಡೆ. ಬಾಯಿಬಿಟ್ಟು ಹೇಳಿಯೂಬಿಟ್ಟೆ.

"ಇಲ್ಲ ಏವಿಸ್," ಎಂದಳು. "ಒಂದು ತೊಟ್ಟೂ ಬಾಯಿಗೆ ಹಾಕ್ಲಿಲ್ಲ. ನಾನು ಕಾರು ಓಡಿಸ್ಬೇಕಲ್ಲ. ನಮ್ಮನೆ ಹಿಟ್ಟಿನ ಡಬ್ಬದ ಹಿಂದೆ ಇಟ್ಟಿದ್ದೆ. ನಂಗೆ ಬೇಕು ಅಂತ ತೆಗೀಲಿಲ್ಲ. ಅವಳಿಗೆ ಅಷ್ಟೊಂದು ಇರಬಾರದು ಅಂತ ತೆಗ್ದೆ."

ಕಿಟಕಿಯ ಬಣ್ಣದ ಗಾಜಿನ ಬೆಳಕು ಜಾಡಿಯ ಮೇಲೆ ಬಿದ್ದಿತ್ತು. ಎಣ್ಣೆ ಜೇನಿನ ಹಾಗೆ ಕಾಣುತ್ತಿತ್ತು. ಅವಳು ಅದನ್ನು ನೋಡಲಾರದೆ ಕೈವಸ್ತ್ರ ಮುಚ್ಚಿದಳು. ಇಬ್ಬರೂ ಸ್ವಲ್ಪ ಹೊತ್ತು ಪ್ರಾರ್ಥನೆ ಮಾಡಿದೆವು. ಆಮೇಲೆ ನಾನು, ಮಂಗಳವಾರದೊಳಗೆ ಹೇಳಬೇಕು, ಇಲ್ಲವಾದರೆ ಡಾಕ್ಟರು ಅವಳ ಔಷಧ ನಿಲ್ಲಿಸುತ್ತಾರೆ ಎಂದಷ್ಟೇ ಹೇಳಿದೆ. ಗೊತ್ತು ಎಂದಳು. ನೀನೂ ಬಂದು ಕೂತಿರು, ಮಾತಾಡಬೇಡ ಎಂದಳು.

ಮರುದಿನ ಆರಾಧನೆ ಮುಗಿಸಿ ನಾವಿಬ್ಬರೂ ರಾಸ್ಲಿನ್‌ಳ ಅಡುಗೆಮನೆಗೆ ಹೋದೆವು. ಅವಳು ಭುಜಕ್ಕೆ ಪಟ್ಟಿ ಕಟ್ಟಿಕೊಂಡು, ಒಂದೇ ಕೈಯಲ್ಲಿ ಸ್ಕೋನ್‌ಗೆ ಬೆಣ್ಣೆ ಹಚ್ಚುತ್ತಿದ್ದಳು. ಕೊರಲಿ ಕೂರದೆ ನಿಂತೇ ಇದ್ದಳು. ಜಾಡಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದಳು. ಆಲಿವ್ ಎಣ್ಣೆಯದನ್ನೂ, ಹಿಟ್ಟಿನ ಡಬ್ಬದ್ದನ್ನೂ ಬಿಡಲಿಲ್ಲ.

ರಾಸ್ಲಿನ್ ಬೆಣ್ಣೆಚಾಕು ಕೆಳಗಿಟ್ಟಳು. ಅವಳ ಬೆಳ್ಳಿ ಉಂಗುರಗಳು ಮೇಜಿಗೆ ತಾಗಿ ಸದ್ದಾಯಿತು.

"ಕೊಳದಲ್ಲಿ ನನ್ನ ಭುಜ ಜಾರಿದಾಗ ನೀನು ಅಲ್ಲೇ ಇದ್ದೆ," ಎಂದಳು.

"ಇದ್ದೆ."

"ಟವೆಲ್ ಹಿಡ್ಕೊಂಡಿದ್ದೆ."

"ಹ್ಞೂಂ."

"ಕೇಳಿದ್ರೆ ಕೊಡ್ತಿರ್ಲಿಲ್ವೇನೇ ನಾನು?"

"ಕೊಡ್ತಿದ್ದೆ. ನೀನು ಕೊಟ್ಟು ನಾನು ತಗೊಳ್ಳೋದೇ ನಂಗೆ ಬೇಡವಾಗಿತ್ತು."

ರಾಸ್ಲಿನ್ ಎದ್ದು ಹೋಗಿ ಸಿಂಕಿನ ಬಳಿ ಬೆನ್ನು ತಿರುಗಿಸಿ ನಿಂತಳು. ಅಳುತ್ತಿದ್ದಾಳೋ ಏನೋ ಗೊತ್ತಾಗಲಿಲ್ಲ. ಕೊರಲಿ ಹೇಳಿದ್ದಂತೆ ನಾನು ನಡುವೆ ಬಾಯಿ ಹಾಕಲಿಲ್ಲ, ಸ್ಕೋನನ್ನೂ ಮುಟ್ಟಲಿಲ್ಲ. ಕೊನೆಗೆ ರಾಸ್ಲಿನ್ ತಿರುಗದೆಯೇ ಮಾತಾಡಿದಳು. ಭುಜ ಜಾರಿ ಮನೆಯಲ್ಲಿ ಕೂತ ಮೇಲೆ ಪ್ರತಿ ವರ್ಷ ಅಮ್ಮ ಅವಳನ್ನು ಅಕ್ಕನ ಸ್ಪರ್ಧೆ ನೋಡಲು ಕರೆದೊಯ್ಯುತ್ತಿದ್ದಳಂತೆ. ಕೊರಲಿಯ ಸಾಲು ಪದಕ ತೆಗೆದುಕೊಂಡಾಗ ಚಪ್ಪಾಳೆ ತಟ್ಟಬಾರದೆಂದು ಕೈಗಳ ಮೇಲೆ ಕೂತಿರುತ್ತಿದ್ದಳಂತೆ.

"ಇಪ್ಪತ್ತೆರಡು ವರ್ಷ ನೀನು ಬೀಳಲೇ ಇಲ್ವಲ್ಲೇ," ಎಂದಳು. "ಒಂದ್ಸಲಾನಾದ್ರೂ ಬೀಳಬಾರದಿತ್ತಾ?"

ರಾಸ್ಲಿನ್ ಕಣ್ಣೊರೆಸಿಕೊಂಡು ಅಕ್ಕನತ್ತ ತಿರುಗಿದಳು. ತಿರುಗಿದವಳು ಹಾಗೇ ನೋಡುತ್ತ ನಿಂತಳು. ಅಷ್ಟು ಹೊತ್ತೂ ಕೊರಲಿ ನೇರ ನಿಂತಿದ್ದಳು. ಗಲ್ಲ ಮೇಲೆ, ತೊಡೆ ಬಿಗಿ, ತಪ್ಪೊಪ್ಪಿಕೊಳ್ಳುವಾಗಲೂ ತುಟಿಯ ಕೊನೆಯಲ್ಲಿ ಅದೇ ನಗು.

"ಡಾಕ್ಟರ ಹತ್ರ ಹೇಗೆ ನಿಂತಿದ್ದೆ?" ಎಂದಳು ರಾಸ್ಲಿನ್.

"ಹೇಗೆ ಅಂದ್ರೆ? ನೆಟ್ಟಗೆ."

"ಹೀಗೇನಾ?"

"ಮತ್ತೆ ಹೇಗೆ ನಿಲ್ತಾರೆ ಜನ?"

"ಮೊಣಕೈ ಚಾಚು ಅಂದಾಗ?"

ಕೊರಲಿ ಕೈ ಚಾಚಿ ತೋರಿಸಿದಳು. ಮೊಣಕೈ ಎಲ್ಲಿ ನೇರವಾಗುತ್ತದೋ ಅಲ್ಲೇ ಕೂದಲೆಳೆಯಷ್ಟೂ ದಾಟದೆ ನಿಂತಿತು, ಬೆರಳ ತುದಿ ಚೂಪಾಗಿ ಮುಂದಕ್ಕೆ. ನೋಡಲು ಚಂದವಿತ್ತು. ರಾಸ್ಲಿನ್ ನಗತೊಡಗಿದಳು. ಭುಜ ನೋಯುತ್ತಿತ್ತೇನೋ, ಒಂದು ಕೈಯಿಂದ ಅದನ್ನು ಅದುಮಿ ಹಿಡಿದು ನಕ್ಕಳು.

"ಅಯ್ಯೋ ಪೆದ್ದಿ. ಅವರು ನಿನ್ನ ಕೀಲು ಎಷ್ಟು ಕೆಟ್ಟಿದೆ ಅಂತ ನೋಡೋಕೆ ಕರೆದ್ರೆ ನೀನು ಸ್ಪರ್ಧೆಗೆ ನಿಂತುಬಿಟ್ಟಿದ್ದೀಯಲ್ಲೇ. ಆ ಪೆನ್‌ಹೇಲ್ ಮುದುಕಿ ಸತ್ತು ಇಪ್ಪತ್ತು ವರ್ಷ ಆಯ್ತು, ಇನ್ನೂ ಕೋಲು ಹಿಡಿದು ನಿನ್ನ ಹಿಂದೆ ನಿಂತಿದ್ದಾಳೆ."

ಕೊರಲಿ ನನ್ನ ಮುಖ ನೋಡಿದಳು. ನನಗೂ ಆಗಲೇ ಹೊಳೆದಿತ್ತು. ಹೊಸ ಕಾರ್ಡಿಗನ್, ನೋವು ಕೇಳಿದಾಗಲೂ ಮಾಸದ ನಗು, ಹಿಂದಕ್ಕೆ ಹೋಗಲು ಬಿಡದ ಮೊಣಕಾಲು. ಡಾಕ್ಟರು ಕಂಡದ್ದನ್ನು ಬರೆದಿದ್ದರು. ಅವಳೇ ಕಾಣಲು ಬಿಟ್ಟಿರಲಿಲ್ಲ.

ಸೋಮವಾರ ರಾಸ್ಲಿನ್ ತನ್ನ ಡಾಕ್ಟರಿಗೆ ಫೋನ್ ಮಾಡಿ, ಬಾಟಲಿಗೆ ಬೇರೆ ಎಣ್ಣೆ ಸೇರಿಹೋಗಿತ್ತು, ಔಷಧದ ತಪ್ಪಲ್ಲ ಎಂದಳು. ಯಾರು ಸೇರಿಸಿದರು ಎಂದು ಹೇಳಲಿಲ್ಲ. ಬಾಟಲಿಯನ್ನೂ ಜಾಡಿಯನ್ನೂ ಔಷಧದ ಅಂಗಡಿಯವರು ವಾಪಸು ತೆಗೆದುಕೊಂಡು, ಹೊಸದಕ್ಕೆ ಬೀಗದ ಪೆಟ್ಟಿಗೆ ಇಟ್ಟುಕೊಳ್ಳಿ ಎಂದು ಬೈದು ಕಳಿಸಿದರು. ಪೆಟ್ಟಿಗೆಯನ್ನು ಕೊರಲಿಯೇ ಕೊಂಡುಕೊಟ್ಟಳು. ಕೀಲಿಕೈಯನ್ನು ರಾಸ್ಲಿನ್ ಕತ್ತಿನ ಸರದಲ್ಲಿ ಹಾಕಿಕೊಂಡಳು, ಶಿಲುಬೆಯ ಪಕ್ಕದಲ್ಲಿ. ಅದನ್ನು ಕಂಡಾಗಲೆಲ್ಲ ಕೊರಲಿಯ ಮುಖ ಕೆಂಪಾಗುತ್ತಿತ್ತು. ರಾಸ್ಲಿನ್ ಬೇಕೆಂದೇ ಅದನ್ನು ಜಾಕೆಟ್ಟಿನ ಹೊರಗೆ ಬಿಟ್ಟಿರುತ್ತಿದ್ದಳು.

ಕೊರಲಿಗೆ ಎರಡನೇ ಸಲ ಡಾಕ್ಟರ ಬಳಿ ಹೋಗಲು ಜುಲೈಯಲ್ಲಿ, ನಮ್ಮ ಕಡೆಯ ನಡುಚಳಿಗಾಲದಲ್ಲಿ, ದಿನ ಸಿಕ್ಕಿತು. ಆ ದಿನ ಹಿಮ ಬಿದ್ದು ಹುಲ್ಲೆಲ್ಲ ಬೆಳ್ಳಗಾಗಿತ್ತು. ನಾನು ಅವಳನ್ನು ಕರೆಯಲು ಹೋದಾಗ ಕೆಟಲ್ ಕುದಿಯುತ್ತಿತ್ತು, ಕೊರಲಿ ಎಂದಿನಂತೆ ಬಾಗಿಲಿಗೆ ಬೆನ್ನು ಕೊಟ್ಟು, ಪೊರಕೆ ಎತ್ತಿ ನಿಂತಿದ್ದಳು. ಇವತ್ತೂ ಬೇಕೇ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಕಾರು ಅವಳೇ ಓಡಿಸಿದಳು. ಕಾರ್ಡಿಗನ್ ಹಳೆಯದು.

ಪಕ್ಕದಲ್ಲಿ ಕೂತ ರಾಸ್ಲಿನ್ ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದಳು. ನಗಬೇಡ, ನೋವಾದರೆ ನೋವು ಅನ್ನು, ಚೆನ್ನಾಗಿದ್ದೀನಿ ಥ್ಯಾಂಕ್ಯೂ ಅನ್ನಬೇಡ.

"ನಿಂಗೂ ಎಣ್ಣೆ ಬರೆದುಕೊಟ್ರೆ ನಮ್ಮನ್ನ ಕೊಳಕ್ಕೆ ಕರ್ಕೊಂಡು ಹೋಗೋರು ಯಾರು?" ಎಂದಳು ಕೊನೆಗೆ.

"ಏವಿಸ್ ಇದ್ದಾಳಲ್ಲ."

"ಏವಿಸ್ ಓಡಿಸಿದ್ರೆ ನಾವು ತಲುಪೋದು ಬುಧವಾರ."

ನನಗೆ ಎಪ್ಪತ್ನಾಲ್ಕು. ನಾನು ನಿಧಾನವಾಗಿಯೇ ಓಡಿಸುತ್ತೇನೆ, ಅದರಲ್ಲಿ ತಪ್ಪೇನೂ ನನಗೆ ಕಂಡಿಲ್ಲ.

ಕಾಯುವ ಕೋಣೆಯಲ್ಲಿ ಮೂವರೂ ಸಾಲಾಗಿ ಕೂತೆವು. ಕೊರಲಿ ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು. ಎದುರಿನ ಗೋಡೆಯಲ್ಲಿ ಬೆನ್ನುಮೂಳೆಯ ಚಿತ್ರವಿತ್ತು. ಅದನ್ನು ನೋಡುತ್ತ ರಾಸ್ಲಿನ್ ಮೆಲ್ಲಗೆ, ತಾನೂ ಒಳಗೆ ಬರುತ್ತೇನೆ ಎಂದಳು. ತನ್ನ ಕಾಗದಗಳನ್ನೆಲ್ಲ ಜೊತೆಗೆ ತಂದಿದ್ದಾಳಂತೆ. ತಂಗಿಗೆ ಒಂಬತ್ತು ಎಂದು ಕಂಡರೆ ಅಕ್ಕನನ್ನೂ ನಂಬುತ್ತಾರೆ. ಪೆನ್‌ಹೇಲ್ ಕಥೆ, ಇಪ್ಪತ್ತೆರಡು ವರ್ಷದ ಕಥೆ ಎಲ್ಲವನ್ನೂ ತಾನೇ ಬಿಡಿಸಿ ಹೇಳುತ್ತೇನೆ, ಕೊರಲಿ ಬಾಯಿ ತೆರೆಯುವುದೂ ಬೇಡ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಅವಳು ಬಂದಿದ್ದರೆ ಕೆಲಸ ಸುಲಭವಾಗುತ್ತಿತ್ತು ಎಂದು ನನಗೂ ಅನಿಸಿತು.

ಒಳಗಿನಿಂದ ಕೊರಲಿಯ ಹೆಸರು ಕರೆದರು. ಅವಳು ಎದ್ದು ನಿಂತಳು. ಮೊದಲು ಎಂದಿನಂತೆ ನೇರ ನಿಂತಳು, ಗಲ್ಲ ಮೇಲೆ. ಆಮೇಲೆ ಒಂದು ಉಸಿರು ಬಿಟ್ಟಳು. ಅವಳ ಮೊಣಕಾಲುಗಳು ಮೆಲ್ಲಗೆ ಹಿಂದಕ್ಕೆ ಹೋದವು. ಹೋಗುತ್ತಲೇ ಇದ್ದವು, ಬಿಲ್ಲಿನ ಹಾಗೆ ಬಾಗಿದವು. ನಲವತ್ತು ವರ್ಷದಿಂದ ಬೇಲಿಯಾಚೆ ಇರುವ ನಾನು ಆ ಕಾಲುಗಳನ್ನು ಹಾಗೆ ಕಂಡೇ ಇರಲಿಲ್ಲ. ಅವಳ ಮುಖದ ನಗುವೂ ಇಳಿಯಿತು. ಅದರ ಹಿಂದೆ ಎಷ್ಟು ದಣಿವು ಇತ್ತೆಂದರೆ, ನಾನು ನೆಲ ನೋಡಿದೆ.

ರಾಸ್ಲಿನ್ ಕಾಗದಗಳನ್ನು ಎತ್ತಿಕೊಂಡು ಏಳಹೊರಟಳು. ಕೊರಲಿ ಅವಳ ಒಳ್ಳೆಯ ಭುಜದ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದಳು.

"ಬೇಡ ಕಣೇ," ಎಂದಳು. "ನೀನು ಬಂದ್ರೆ ಅವರು ನಿನ್ನನ್ನೇ ನೋಡ್ತಾರೆ."